ಫಾಸ್ಟರ್ ನಾಯಿಯನ್ನು ನಾವೇ ಇಟ್ಟುಕೊಳ್ಳಬೇಕು ಅಂದರೆ: ಹಕ್ಕು ಎಷ್ಟು, ಕಾಗದ ಯಾವುದು

"ಓನರ್ ಹೆಸರು ಏನಂತ ಬರೀಲಿ ಮೇಡಂ?"

ಡಾಕ್ಟರ್ ಲಸಿಕೆ ಪುಸ್ತಕ ತೆರೆದಿಟ್ಟುಕೊಂಡು ಕೇಳಿದಾಗ ನಾನು ತಡವರಿಸಿದೆ. ಮೇಜಿನ ಮೇಲೆ ರಾಗಿ ನಡುಗುತ್ತಾ ನಿಂತಿದ್ದಳು. ಮೈತುಂಬ ಕಜ್ಜಿ, ಕಿವಿಯ ಅಂಚು ಹಪ್ಪಳದ ಹಾಗೆ ಒಣಗಿ ಮುದುರಿತ್ತು. ಅವಳನ್ನು ರೆಸ್ಕ್ಯೂ ಮಾಡಿ ತಂದುಬಿಟ್ಟವರು "ಎರಡು ವಾರ ಇಟ್ಕೊಳ್ಳಿ, ಸಾಕು" ಅಂದಿದ್ದರು. ಖಾಯಂ ಮನೆ ಸಿಗುವ ತನಕ ನಾಯಿಯನ್ನು ಹೀಗೆ ತಾತ್ಕಾಲಿಕವಾಗಿ ನೋಡಿಕೊಳ್ಳುವುದಕ್ಕೇ ಫಾಸ್ಟರ್ ಅನ್ನುವುದು. "ರೆಸ್ಕ್ಯೂ ಮಾಡಿದವರ ಹೆಸರೇ ಬರೆಯಿರಿ" ಅಂದೆ. ಎರಡು ವಾರದ ಮಾತಿಗೆ ನನ್ನ ಹೆಸರು ಯಾಕೆ ಅಂತ.

ಎರಡು ವಾರ ಹನ್ನೊಂದು ತಿಂಗಳಾಯಿತು. ಕಜ್ಜಿ ಹೋಗಿ ಕೂದಲು ಬಂತು. ಗೇಟಿನ ಸದ್ದು ಕೇಳಿದರೆ ಚಪ್ಪಲಿ ಕಚ್ಚಿಕೊಂಡು ಬರುವುದು ಕಲಿತಳು. ಇವಳು ನಮ್ಮ ಮನೆಯವಳೇ ಅಂತ ನಾವೆಲ್ಲ ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡೆವು, ಯಾರಿಗೂ ಹೇಳಲಿಲ್ಲ. ಒಂದು ಬೆಳಗ್ಗೆ ನೋಡಿದರೆ, ರಾಗಿಗೆ ಬೇರೆ ಊರಿನಲ್ಲಿ ಮನೆ ಸಿಕ್ಕಿದೆ, ಭಾನುವಾರ ಬಂದು ಕರೆದುಕೊಂಡು ಹೋಗುತ್ತಾರೆ ಅಂತ ವಾಟ್ಸಾಪ್‌ನಲ್ಲಿ ಮೆಸೇಜ್. ನನ್ನ ಹತ್ತಿರ ಔಷಧಿ ಬಿಲ್‌ಗಳ ಕಂತೆ ಇತ್ತು, ಫೋನ್ ತುಂಬ ಫೋಟೊ ಇತ್ತು. "ಬೇರೆಯವರಿಗೆ ಕೊಡುವ ಮೊದಲು ನನ್ನನ್ನು ಕೇಳಬೇಕು" ಅನ್ನುವ ಒಂದು ಸಾಲು ಮಾತ್ರ ಎಲ್ಲೂ ಇರಲಿಲ್ಲ. ಭಾನುವಾರ ರಾಗಿ ಹೋದಳು.

ಆಮೇಲೆ ಒಬ್ಬ ವಕೀಲರ ಮುಂದೆ ಕೂತು, ಒಂದಷ್ಟು ಓದಿ, ಎರಡನೇ ನಾಯಿಯ ಹೊತ್ತಿಗೆ ಸರಿಯಾಗಿ ಮಾಡಿದೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ. ನಾನು ವಕೀಲೆ ಅಲ್ಲ. ಜಗಳ ಕೋರ್ಟಿನ ಮೆಟ್ಟಿಲಿಗೆ ಬಂದಿದ್ದರೆ ಇದನ್ನು ಓದಿ ಸುಮ್ನೆ ಕೂರಬೇಡಿ, ವಕೀಲರನ್ನು ನೋಡಿ.

ಕಾನೂನಿನ ಕಣ್ಣಿಗೆ ನೀವು ಯಾರು?

ನಮ್ಮ ದೇಶದಲ್ಲಿ ನಾಯಿಯನ್ನು ಫಾಸ್ಟರ್ ಮಾಡುವವರಿಗೆ ಅಂತ ಪ್ರತ್ಯೇಕ ಕಾಯ್ದೆ ಇಲ್ಲ. ದತ್ತು ಅಂತ ಬಾಯಲ್ಲಿ ಹೇಳುತ್ತೇವೆ, ಆದರೆ ಮಕ್ಕಳ ದತ್ತಿಗೆ ಇರುವ ಕಾನೂನು ನಾಯಿಗೆ ಅನ್ವಯಿಸುವುದಿಲ್ಲ. ಮಾಲೀಕತ್ವದ ವಿಷಯ ಬಂದಾಗ ನಾಯಿ ಒಂದು ಚರಾಸ್ತಿ, ಸ್ಕೂಟರ್ ಇದ್ದ ಹಾಗೆ. ಕೇಳಿದರೆ ಬೇಜಾರಾಗುತ್ತದೆ, ಅಲ್ವಾ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪ್ರಾಣಿಗಳಿಗೂ ಹಸಿವು, ಭಯ, ನೋವಿನಿಂದ ಬಿಡುಗಡೆ ಬೇಕು ಅಂದಿದೆ. ಇವೆಲ್ಲ ನಾಯಿಯನ್ನು ಹೇಗೆ ನೋಡಿಕೊಳ್ಳಬೇಕು ಅಂತ ಹೇಳುತ್ತವೆ. ನಾಯಿ ಯಾರದ್ದು ಅನ್ನುವುದಕ್ಕೆ 1872ರ ಭಾರತೀಯ ಕರಾರು ಕಾಯ್ದೆಯನ್ನೇ ತೆರೆಯಬೇಕು.

ಆ ಕಾಯ್ದೆಯಲ್ಲಿ ಬೇಲ್‌ಮೆಂಟ್ ಅಂತ ಒಂದು ಅಧ್ಯಾಯವಿದೆ. ಟೈಲರ್ ಕೈಗೆ ಬಟ್ಟೆ ಕೊಡುತ್ತೀರಿ, ಗ್ಯಾರೇಜಿಗೆ ಗಾಡಿ ಬಿಡುತ್ತೀರಿ. ವಸ್ತು ಅವರ ಹತ್ತಿರ ಇರುತ್ತದೆ, ಆದರೆ ಅವರದ್ದಾಗುವುದಿಲ್ಲ. ಕೆಲಸ ಮುಗಿದ ಮೇಲೆ ವಾಪಸ್ ಕೊಡಬೇಕು. ಬೇರೆ ಒಪ್ಪಂದ ಇಲ್ಲದಿದ್ದರೆ ಫಾಸ್ಟರ್ ಕೂಡ ಹೆಚ್ಚುಕಡಿಮೆ ಇದೇ ಲೆಕ್ಕ. ಹನ್ನೊಂದು ತಿಂಗಳು ಸಾಕಿದರೂ ಅಷ್ಟೇ, ಮೂರು ವರ್ಷ ಸಾಕಿದರೂ ಅಷ್ಟೇ. ದಿನ ಕಳೆದ ಮಾತ್ರಕ್ಕೆ ನಾಯಿ ನಮ್ಮದಾಗುವುದಿಲ್ಲ.

ಕಾಯ್ದೆಯ 163ನೇ ಕಲಂನಲ್ಲಿ ಒಂದು ಉದಾಹರಣೆ ಇದೆ. ಒಬ್ಬ ತನ್ನ ಹಸುವನ್ನು ಇನ್ನೊಬ್ಬನ ಹತ್ತಿರ ನೋಡಿಕೊಳ್ಳಲು ಬಿಡುತ್ತಾನೆ. ಅಲ್ಲಿ ಹಸು ಕರು ಹಾಕುತ್ತದೆ. ವಾಪಸ್ ಕೊಡುವಾಗ ಹಸುವಿನ ಜೊತೆ ಕರುವನ್ನೂ ಕೊಡಬೇಕು. ಬಸುರಿ ನಾಯಿಯನ್ನು ಫಾಸ್ಟರ್‌ಗೆ ತಂದುಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿ. ನಿಮ್ಮ ಮನೆಯ ಮಂಚದ ಕೆಳಗೆ ಹುಟ್ಟಿದ ಮರಿಗಳು ಕೂಡ, ಬೇರೆ ಮಾತಾಗಿಲ್ಲದಿದ್ದರೆ, ನಿಮ್ಮವಲ್ಲ.

"ಅದು ಬೀದಿ ನಾಯಿ, ಅವರದ್ದೂ ಅಲ್ಲವಲ್ಲ!" ಅಂತ ನಾನೂ ವಾದ ಮಾಡಿದ್ದೆ. ವಕೀಲರು ನಕ್ಕರು. ಯಾರ ಕೈಯಿಂದ ವಸ್ತುವನ್ನು ನೋಡಿಕೊಳ್ಳಲು ತೆಗೆದುಕೊಂಡಿರೋ, ಅವರಿಗೆ ಕೊಡುವ ಅಧಿಕಾರವೇ ಇರಲಿಲ್ಲ ಅಂತ ಆಮೇಲೆ ಹೇಳಲು ಸಾಕ್ಷ್ಯ ಕಾನೂನು ಬಿಡುವುದಿಲ್ಲವಂತೆ.

ಹಾಗಂತ ಫಾಸ್ಟರ್ ಮಾಡುವವರ ಕೈ ಪೂರ್ತಿ ಖಾಲಿಯೂ ಅಲ್ಲ. ಸಂಬಳ ಇಲ್ಲದೆ ನೋಡಿಕೊಳ್ಳುವವರು ಅದಕ್ಕೆ ಮಾಡಿದ ಅಗತ್ಯ ಖರ್ಚನ್ನು ಒಪ್ಪಿಸಿದವರಿಂದ ಕೇಳಬಹುದು ಅಂತ 158ನೇ ಕಲಂ ಹೇಳುತ್ತದೆ. ಅದು ದುಡ್ಡಿನ ಹಕ್ಕು, ನಾಯಿಯ ಮೇಲಿನ ಹಕ್ಕಲ್ಲ. "ಬಿಲ್ ಕೊಡುವ ತನಕ ನಾಯಿ ಕೊಡಲ್ಲ" ಅಂತ ಹಿಡಿದಿಟ್ಟುಕೊಳ್ಳುವುದು ಬೇರೆ ವಿಷಯ. ಆ ಹಕ್ಕು ಕೈಚಳಕ ಅಥವಾ ದುಡಿಮೆಯಿಂದ ವಸ್ತುವಿನ ಮೇಲೆ ಕೆಲಸ ಮಾಡಿದವರಿಗೆ ಇರುವಂಥದ್ದು. ಅನ್ನ ಹಾಕಿ ಸಾಕಿದ್ದಕ್ಕೆ ಅದು ಸಿಗುವುದು ಕಷ್ಟ.

ಮೊದಲು ನಾಯಿ ಬಂದ ದಾರಿ ಕೇಳಿ

ನಾಯಿ ಮನೆಗೆ ಬಂದ ದಿನವೇ ಇದನ್ನು ವಿಚಾರಿಸಬೇಕು. ಎಲ್ಲಿಂದ ಬಂತು ಅನ್ನುವುದರ ಮೇಲೆ ಮುಂದಿನದ್ದೆಲ್ಲ ನಿಂತಿದೆ.

ಬೀದಿಯಲ್ಲಿ ಹುಟ್ಟಿ ಬೆಳೆದ ನಾಯಿ, ಯಾರ ಮನೆಯದ್ದೂ ಅಲ್ಲ ಅಂದರೆ ದಾರಿ ಸಲೀಸು. ರೆಸ್ಕ್ಯೂ ಮಾಡಿದವರು ಬರೆದುಕೊಟ್ಟರೆ ಮುಗಿಯಿತು. 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳ ಪ್ರಕಾರ ಸಂತಾನಹರಣ ಮಾಡಿದ ಬೀದಿ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು. ಆದರೆ 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಬೀದಿ ನಾಯಿಯನ್ನು ದತ್ತು ಪಡೆಯಲು ಬಯಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಬಹುದು ಅಂದಿದೆ. ಜೊತೆಗೆ ಒಂದು ಹೊಣೆಯನ್ನೂ ಹೊರಿಸಿದೆ. ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬರಬಾರದು. ಪಾಲಿಕೆಯ ಶೆಲ್ಟರ್‌ನಿಂದ ನೇರವಾಗಿ ತಂದಿದ್ದರೆ ಈ ಅರ್ಜಿಯ ದಾರಿಯೇ ನಿಮ್ಮದು.

ಕುತ್ತಿಗೆಯಲ್ಲಿ ಬೆಲ್ಟ್ ಇತ್ತು, ಅಥವಾ ಲ್ಯಾಬ್ರಡಾರ್, ಶಿಟ್ಜು ಥರದ ಜಾತಿ ನಾಯಿ ರಸ್ತೆಯಲ್ಲಿ ಸಿಕ್ಕಿತು ಅಂದರೆ ಹುಷಾರು. ಅದು ಯಾರೋ ಕಳೆದುಕೊಂಡ ನಾಯಿ ಇರಬಹುದು. ಸಿಕ್ಕ ವಸ್ತುವನ್ನು ಇಟ್ಟುಕೊಂಡವರಿಗೂ ಬೇಲ್‌ಮೆಂಟ್ ಹೊಣೆಯೇ ಅಂತ ಕರಾರು ಕಾಯ್ದೆಯ 71ನೇ ಕಲಂ ಹೇಳುತ್ತದೆ. ಯಾವುದಾದರೂ ಕ್ಲಿನಿಕ್‌ಗೆ ಕರೆದುಕೊಂಡು ಹೋಗಿ ಮೈಕ್ರೋಚಿಪ್ (ಚರ್ಮದ ಕೆಳಗೆ ಹಾಕುವ, ಗುರುತಿನ ನಂಬರ್ ಇರುವ ಚಿಪ್) ಇದೆಯಾ ಅಂತ ಸ್ಕ್ಯಾನ್ ಮಾಡಿಸಿ. ಸಿಕ್ಕ ಜಾಗದ ಸುತ್ತ ಪೋಸ್ಟರ್ ಹಚ್ಚಿ, ಠಾಣೆಗೊಂದು ಮಾಹಿತಿ ಪತ್ರ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಮಾಲೀಕರು ಬಂದರೆ ನಾಯಿ ಅವರದ್ದೇ. ಆದರೆ ಇಲ್ಲಿ ಒಂದು ಮಜಾ ಇದೆ. 168ನೇ ಕಲಂ ಪ್ರಕಾರ ವಸ್ತು ಸಿಕ್ಕವರು ಅದನ್ನು ಕಾಪಾಡಿದ ಖರ್ಚಿಗೆ ಮಾಲೀಕರ ಮೇಲೆ ದಾವೆ ಹಾಕುವಂತಿಲ್ಲ, ಆದರೆ ಖರ್ಚು ಕೊಡುವ ತನಕ ವಸ್ತುವನ್ನು ಇಟ್ಟುಕೊಳ್ಳಬಹುದು. ಫಾಸ್ಟರ್‌ಗೆ ಇಲ್ಲದ ಅನುಕೂಲ, ಸುಮ್ಮನೆ ದಾರಿಯಲ್ಲಿ ನಾಯಿ ಸಿಕ್ಕವರಿಗೆ ಇದೆ!

ಮಾಲೀಕರೇ "ನಮ್ಮ ಕೈಲಾಗಲ್ಲ" ಅಂತ ಬಿಟ್ಟುಹೋದ ನಾಯಿಯಾದರೆ, ಅವರು ಬರೆದುಕೊಟ್ಟ ಪತ್ರದ ಪ್ರತಿ ಕೇಳಿ. ಗಂಡ ಬಿಟ್ಟುಹೋಗಿ, ಹೆಂಡತಿ ಆರು ತಿಂಗಳಾದ ಮೇಲೆ ಹುಡುಕಿಕೊಂಡು ಬಂದ ಕಥೆ ನಾನೇ ನೋಡಿದ್ದೇನೆ.

ಜಾಸ್ತಿ ತೊಡಕು ಇರುವುದು ಪೊಲೀಸ್ ಕೇಸಿನಲ್ಲಿ ವಶಪಡಿಸಿಕೊಂಡ ನಾಯಿಗಳದ್ದು. ಅಕ್ರಮ ಬ್ರೀಡರ್ ಮನೆಯಿಂದ ತಂದವು, ಹೊಡೆದು ಬಡಿದು ಮಾಡಿದ ಮಾಲೀಕರಿಂದ ಬಿಡಿಸಿದವು. ಕಾನೂನಿನಲ್ಲಿ ಇವು ಕೇಸಿನ ಸ್ವತ್ತು. 2017ರಲ್ಲಿ ಇದಕ್ಕೆಂದೇ ಬೇರೆ ನಿಯಮಗಳು ಬಂದಿವೆ. ಕೇಸು ನಡೆಯುವಾಗ ನಾಯಿಯನ್ನು ಶೆಲ್ಟರ್ ಅಥವಾ ಪ್ರಾಣಿ ದಯಾ ಸಂಸ್ಥೆಯ ಸುಪರ್ದಿಗೆ ಕೊಡುವಂತೆ ಮ್ಯಾಜಿಸ್ಟ್ರೇಟ್ ಹೇಳಬಹುದು. ಆರೋಪಿಗೆ ಶಿಕ್ಷೆಯಾದರೆ, 1960ರ ಕಾಯ್ದೆಯ 29ನೇ ಕಲಂನಡಿ ಅವರ ಮಾಲೀಕತ್ವ ಕಿತ್ತುಕೊಳ್ಳಲೂಬಹುದು. ಅಲ್ಲಿಯ ತನಕ ಆ ಸಂಸ್ಥೆಯವರೇ "ತಗೊಳ್ಳಿ, ನಿಮ್ಮದೇ" ಅಂದರೂ ಅದಕ್ಕೆ ಬೆಲೆ ಇಲ್ಲ. ಕೋರ್ಟಿನ ಆದೇಶ ಬೇಕು. ಎಫ್‌ಐಆರ್ ನಂಬರ್ ಕೇಳಿಟ್ಟುಕೊಳ್ಳಿ. 2025ರಲ್ಲಿ ಇಂಥದ್ದೊಂದು ಕೇಸು ದೆಹಲಿ ಹೈಕೋರ್ಟಿಗೆ ಬಂದಿತ್ತು. ವಶಪಡಿಸಿಕೊಂಡ ನಾಯಿಗಳನ್ನು ಬೇರೆಯವರು ದತ್ತು ಪಡೆದಿದ್ದರು, ಮೂಲ ಮಾಲೀಕರು ವಾಪಸ್ ಕೇಳಿದ್ದರು. ನಾಯಿಗಳನ್ನು ಬರೀ ವಸ್ತುವಿನ ಹಾಗೆ ನೋಡಲಾಗದು, ಈಗ ಸಾಕುತ್ತಿರುವವರ ಜೊತೆಗಿನ ನಂಟನ್ನೂ ಗಮನಿಸಬೇಕು ಅನ್ನುವ ನಿಲುವನ್ನು ಆ ಕೋರ್ಟ್ ತೆಗೆದುಕೊಂಡಿತು. ಒಳ್ಳೆಯ ಸುದ್ದಿಯೇ. ಆದರೆ ಅದನ್ನೇ ನಂಬಿಕೊಂಡು ಕಾಗದ ಮಾಡಿಸದೆ ಇರಬೇಡಿ.

ಒಂದು ಸಾಲು ಬರೆಸಿಕೊಳ್ಳಿ

ನನ್ನ ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬಹಳ ಸಂಸ್ಥೆಗಳು ಫಾಸ್ಟರ್ ಫಾರಂ ಕೊಡುತ್ತವೆ. ಅದರಲ್ಲಿ ನಿಮ್ಮ ಕರ್ತವ್ಯ ಎರಡು ಪುಟ ಇರುತ್ತದೆ, ನಿಮ್ಮ ಹಕ್ಕು ಅರ್ಧ ಸಾಲೂ ಇರುವುದಿಲ್ಲ. ಅಲ್ಲೇ ಪೆನ್ನಿನಲ್ಲಿ ಸೇರಿಸಿ ಇಬ್ಬರೂ ಸಹಿ ಹಾಕಿದರೂ ಆಗುತ್ತದೆ. ನಾನು ಎರಡನೇ ಬಾರಿ ಬರೆಸಿಕೊಂಡದ್ದು ಹೀಗಿತ್ತು:

"ಈ ನಾಯಿಯನ್ನು ಬೇರೆಯವರಿಗೆ ದತ್ತು ಕೊಡುವ ಮೊದಲು, ಈಗ ನೋಡಿಕೊಳ್ಳುತ್ತಿರುವವರಿಗೆ ಬರಹದಲ್ಲಿ ತಿಳಿಸಿ 7 ದಿನ ಸಮಯ ಕೊಡಬೇಕು. ಆ 7 ದಿನಗಳಲ್ಲಿ ಅವರು ತಾವೇ ದತ್ತು ಪಡೆಯುವುದಾಗಿ ಬರಹದಲ್ಲಿ ತಿಳಿಸಿದರೆ ನಾಯಿಯನ್ನು ಅವರಿಗೇ ಕೊಡಬೇಕು. ಸ್ವಂತ ಖರ್ಚಿನಲ್ಲಿ ನಾಯಿಯನ್ನು ನೋಡಿಕೊಳ್ಳುತ್ತಿರುವುದೇ ಈ ಆದ್ಯತೆಗೆ ಪ್ರತಿಫಲ."

ಕೊನೆಯ ವಾಕ್ಯ ವಕೀಲರು ಸೇರಿಸಿದ್ದು. ಪ್ರತಿಫಲ ಇಲ್ಲದ ಮಾತಿಗೆ ಕರಾರು ಕಾಯ್ದೆಯಲ್ಲಿ ಸಾಮಾನ್ಯವಾಗಿ ಬೆಲೆ ಇಲ್ಲ. "ಬಿಟ್ಟಿ ಮಾತು ಕೊಟ್ಟಿದ್ವಿ, ಅಷ್ಟೇ" ಅಂತ ಅವರು ಮುಂದೆ ಜಾರಿಕೊಳ್ಳಬಾರದು.

ಇದರ ಜೊತೆ ಇನ್ನೂ ಎರಡು ವಿಷಯ ಬರೆಸಿ. ಯಾವ ಖರ್ಚು ಯಾರದ್ದು, ಮತ್ತು ಎಷ್ಟು ದಿನದ ತನಕ ಫಾಸ್ಟರ್. ಮರಿ ಹಾಕುವ ಸಾಧ್ಯತೆ ಇದ್ದರೆ ಮರಿಗಳ ಮಾತೂ ಇರಲಿ.

ಸಹಿ ಯಾರದ್ದು ಅನ್ನುವುದನ್ನೂ ನೋಡಿ. ನಾಯಿ ತಂದುಕೊಟ್ಟ ಹುಡುಗ ವಾಲಂಟಿಯರ್ ಇರಬಹುದು. ಅವನು "ಖಂಡಿತ ನಿಮಗೇ ಅಕ್ಕ" ಅಂದರೆ ಸಂಸ್ಥೆ ಅದಕ್ಕೆ ಕಟ್ಟುಬೀಳಬೇಕಾಗಿಲ್ಲ. ಟ್ರಸ್ಟ್ ಆದರೆ ಟ್ರಸ್ಟಿ, ಸೊಸೈಟಿ ಆದರೆ ಕಾರ್ಯದರ್ಶಿ ಸಹಿ ಹಾಕಲಿ. ಒಬ್ಬರೇ ರೆಸ್ಕ್ಯೂ ಮಾಡುವವರಾದರೆ ಅವರದ್ದೇ ಸಹಿ ಸಾಕು.

ಸಹಿ ಕೇಳಲು ಮುಜುಗರ ಆಗುತ್ತದಾ? ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, "ಸರಿ, ಒಪ್ಪಿಗೆ" ಅಂತ ಉತ್ತರ ತರಿಸಿಕೊಳ್ಳಿ. ಮೆಸೇಜ್‌ನಲ್ಲಿ ಆದ ಒಪ್ಪಂದಕ್ಕೂ ಬೆಲೆ ಇದೆ. ಕೋರ್ಟಿಗೆ ಕೊಡುವಾಗ ಅದರ ಜೊತೆ ಒಂದು ಪ್ರಮಾಣಪತ್ರ ಬೇಕಾಗುತ್ತದೆ, ವಕೀಲರು ಮಾಡಿಕೊಡುತ್ತಾರೆ. ನೀವು ಮಾಡಬೇಕಾದ್ದು ಇಷ್ಟೇ: ಚಾಟ್ ಅಳಿಸಬೇಡಿ, ತಾನಾಗಿ ಅಳಿಸಿಹೋಗುವ ಸೆಟ್ಟಿಂಗ್ ಆಫ್ ಮಾಡಿ, ಆ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ.

ಫಾರಂನಲ್ಲಿ "ಷರತ್ತು ಮುರಿದರೆ 50,000 ರೂಪಾಯಿ ದಂಡ" ಅನ್ನುವಂಥ ಸಾಲು ಕಂಡರೆ ಹೆದರಿ ಓಡಬೇಕಾಗಿಲ್ಲ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಅಂಥ ಮೊತ್ತ ಮೇಲ್ಮಿತಿ ಮಾತ್ರ. ಅದರೊಳಗೆ ಎಷ್ಟು ನ್ಯಾಯವೋ ಅಷ್ಟನ್ನೇ ಕೋರ್ಟ್ ಕೊಡಿಸುತ್ತದೆ.

ಮನಸ್ಸು ಮಾಡಿದ ದಿನವೇ ಹೇಳಿ

ಫಾಸ್ಟರ್ ಮಾಡುವವರ ನಡುವೆ "ಫಾಸ್ಟರ್ ಫೇಲ್" ಅಂತ ಒಂದು ತಮಾಷೆ ಮಾತಿದೆ. ಕೆಲವು ದಿನಕ್ಕೆ ಅಂತ ಬಂದ ನಾಯಿಯನ್ನು ಬಿಡಲಾರದೆ ನಾವೇ ದತ್ತು ಪಡೆಯುವುದು. ನೀವು ಫೇಲ್ ಆಗುತ್ತಿದ್ದೀರಿ ಅಂತ ಗೊತ್ತಾದ ದಿನವೇ ಒಂದು ಇಮೇಲ್ ಅಥವಾ ಮೆಸೇಜ್ ಹಾಕಿ. ಫೋನಿನಲ್ಲಿ ಹೇಳಿದರೆ ಸಾಲದು. ನಾಯಿಯ ಹೆಸರು, ಬಂದ ತಾರೀಕು, ನಾವೇ ದತ್ತು ಪಡೆಯುತ್ತೇವೆ ಅನ್ನುವ ಮಾತು, ಉತ್ತರ ಯಾವಾಗ ಬೇಕು ಅನ್ನುವುದು. ನಾಲ್ಕು ಸಾಲು. ರಾಗಿಯ ವಿಷಯದಲ್ಲಿ ನಾನು ಮಾಡದೇ ಹೋದದ್ದು ಇದನ್ನೇ. ಅವರನ್ನು ಬೈದುಕೊಂಡು ಬಹಳ ದಿನ ತಿರುಗಿದೆ, ಆದರೆ ನಮಗೆ ಬೇಕು ಅಂತ ಅವರಿಗೆ ಗೊತ್ತೇ ಇರಲಿಲ್ಲ.

ಸಂಸ್ಥೆಯವರು ಬೇರೆ ಯಾರಿಗೋ ಮಾತು ಕೊಟ್ಟಾಗಿದ್ದರೆ? ನಿಮ್ಮ ಹತ್ತಿರ ಆದ್ಯತೆಯ ಸಾಲು ಇದ್ದರೆ ಅದನ್ನು ತೋರಿಸಿ. ಇಲ್ಲದಿದ್ದರೆ ಅದು ವಿನಂತಿ ಮಾತ್ರ. ಆಗ ಕಾನೂನಿಗಿಂತ ನಾಯಿಯ ಸ್ಥಿತಿ ಹೆಚ್ಚು ಕೆಲಸ ಮಾಡುತ್ತದೆ. ವಯಸ್ಸಾದ ನಾಯಿ, ಮೂರ್ಛೆ ಬರುವ ನಾಯಿ, ಮನೆ ಬದಲಾದರೆ ಊಟ ಬಿಡುವ ನಾಯಿ ಆಗಿದ್ದರೆ ಡಾಕ್ಟರ್ ಹತ್ತಿರ ಬರೆಸಿ ಕಳಿಸಿ.

ಹಸ್ತಾಂತರ: ಬೆಲ್ಲನ ಪುಸ್ತಕ

ಎರಡನೆಯವನ ಹೆಸರು ಬೆಲ್ಲ. ಮೂರು ಕಾಲಿನವನು. ಅವನ ವಿಷಯದಲ್ಲಿ ಸಂಸ್ಥೆಯವರು ಒಪ್ಪಿದ ಮೇಲೆ ಒಂದು ಪುಟದ ಪತ್ರ ಮಾಡಿಕೊಂಡೆವು. ದುಡ್ಡು ತೆಗೆದುಕೊಳ್ಳದೆ ಕೊಟ್ಟರೆ ಅದು ದಾನ. ಚರಾಸ್ತಿಯ ದಾನಕ್ಕೆ ನೋಂದಣಿ ಕಡ್ಡಾಯ ಅಲ್ಲ, ವಸ್ತು ಕೈಗೆ ಕೊಟ್ಟರೂ ಸಾಕು ಅಂತ ಆಸ್ತಿ ವರ್ಗಾವಣೆ ಕಾಯ್ದೆಯ 123ನೇ ಕಲಂ ಹೇಳುತ್ತದೆ. ಫಾಸ್ಟರ್‌ನಲ್ಲಿ ತೊಡಕೇನೆಂದರೆ ನಾಯಿ ಮೊದಲಿಂದಲೂ ನಿಮ್ಮ ಕೈಯಲ್ಲೇ ಇರುತ್ತದೆ. ಯಾವ ದಿನದಿಂದ ಅದು ಫಾಸ್ಟರ್ ಅಲ್ಲ, ನಿಮ್ಮದು ಅಂತ ಯಾರಿಗೆ ಗೊತ್ತು? ಅದಕ್ಕೇ ಪತ್ರದಲ್ಲಿ ತಾರೀಕು ಇರಲಿ. "ಈ ದಿನದಿಂದ ನಾಯಿಯ ಪೂರ್ತಿ ಮಾಲೀಕತ್ವ ಮತ್ತು ಹೊಣೆ ಇವರದ್ದು" ಅನ್ನುವ ಸಾಲು ಇರಲಿ. ನಾಯಿಯ ಬಣ್ಣ, ಅಂದಾಜು ವಯಸ್ಸು, ಗುರುತು ಬರೆಯಿರಿ. ಬೆಲ್ಲನದ್ದು ಸುಲಭ ಇತ್ತು: "ಎಡ ಹಿಂಗಾಲು ಇಲ್ಲ". ಫೋಟೊ ಅಂಟಿಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ಪತ್ರಕ್ಕೆ ಸಹಿ ಹಾಕುವವರಿಗೆ 18 ವರ್ಷ ತುಂಬಿರಬೇಕು, ಕಾಲೇಜು ಮಕ್ಕಳು ಗಮನಿಸಿ.

ಆಮೇಲೆ ಲಸಿಕೆ ಪುಸ್ತಕ. ರೇಬಿಸ್ ಚುಚ್ಚುಮದ್ದಿಗೆ ಹೋದಾಗ ಹೊಸ ಪುಸ್ತಕ ಮಾಡಿಸಿ, ಹಳೆಯದನ್ನು ಎಸೆಯದೆ ಜೊತೆಗೆ ಪಿನ್ ಮಾಡಿ. ಮೈಕ್ರೋಚಿಪ್ ಇದ್ದರೆ ಅದರ 15 ಅಂಕಿಯ ನಂಬರ್ ಯಾರ ಹೆಸರಿನಲ್ಲಿದೆ ಅಂತ ನೋಡಿ ಬದಲಾಯಿಸಿಕೊಳ್ಳಿ. ಚಿಪ್ ಬದಲಾಯಿಸಬೇಕಾಗಿಲ್ಲ, ದಾಖಲೆ ಬದಲಾದರೆ ಸಾಕು. ನಿಮ್ಮ ನಗರಸಭೆ ಅಥವಾ ಪಾಲಿಕೆಯಲ್ಲಿ ನಾಯಿ ಲೈಸೆನ್ಸ್ ಇದ್ದರೆ ಅದನ್ನೂ ನಿಮ್ಮ ಹೆಸರಿನಲ್ಲಿ ಮಾಡಿಸಿ. ಬೆಂಗಳೂರಿನವರು ಈಗ ಐದು ಪಾಲಿಕೆ ಆಗಿರುವುದರಿಂದ ನಿಮ್ಮ ವಾರ್ಡ್ ಯಾವುದಕ್ಕೆ ಸೇರಿದೆ ಅಂತ ಮೊದಲು ನೋಡಿಕೊಳ್ಳಿ.

ಜಗಳ ಆದರೆ

ಎರಡು ಕೆಲಸ ಮಾಡಬೇಡಿ. ನಾಯಿಯನ್ನು ಎತ್ತಿಕೊಂಡು ಊರಿಗೆ ಹೋಗಿ ಫೋನ್ ಆಫ್ ಮಾಡಬೇಡಿ. ನಂಬಿ ಒಪ್ಪಿಸಿದ ವಸ್ತುವನ್ನು ದುರುದ್ದೇಶದಿಂದ ನುಂಗಿಹಾಕುವುದು ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂನಲ್ಲಿ ಅಪರಾಧ. ನಾಯಿ ಪ್ರೀತಿಯ ಜಗಳ ಠಾಣೆಯ ದೂರಾಗಿ ಬದಲಾಗಲು ಅಷ್ಟು ಸಾಕು. ಎರಡನೆಯದು, ಸಿಟ್ಟಿನಲ್ಲಿ ಅವರ ಹೆಸರು ಹಾಕಿ ಫೇಸ್‌ಬುಕ್‌ನಲ್ಲಿ ಬರೆಯಬೇಡಿ. ಮಾನನಷ್ಟದ ನೋಟಿಸ್ ಬಂದರೆ ಇರುವ ಒಂದು ತಲೆನೋವು ಎರಡಾಗುತ್ತದೆ.

ಮೊದಲು ಎದುರು ಬದುರು ಕೂತು ಮಾತಾಡಿ, ಇಬ್ಬರೂ ನಂಬುವ ಡಾಕ್ಟರ್ ಇದ್ದರೆ ಅವರ ಮುಂದೆಯೇ. ಆಗಲಿಲ್ಲ ಅಂದರೆ ವಕೀಲರಿಂದ ನೋಟಿಸ್. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಸು ಹಾಕುವ ಮೊದಲೇ ರಾಜಿ ಮಾಡಿಸುವ ವ್ಯವಸ್ಥೆ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ವಕೀಲರ ನೆರವು ಸಿಗುತ್ತದೆ. 15100ಕ್ಕೆ ಫೋನ್ ಮಾಡಿ ಕೇಳಬಹುದು.

ಕೊನೆಗೆ ಸಿವಿಲ್ ಕೋರ್ಟ್. ದುಡ್ಡಿನಿಂದ ತುಂಬಿಕೊಡಲಾಗದ ವಸ್ತುವನ್ನೇ ವಾಪಸ್ ಕೊಡಿಸಿ ಅಂತ ಕೇಳಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 7 ಮತ್ತು 8ನೇ ಕಲಂ ಇವೆ. ನಾಯಿ ಅಂಥ ವಸ್ತು ಅಂತ ವಾದಿಸಲು ಜಾಗ ಇದೆ. ಆದರೆ ಈ ಕತ್ತಿ ಎರಡೂ ಕಡೆ ಕೊಯ್ಯುತ್ತದೆ, ಕಾಗದ ಯಾರ ಕಡೆ ಇದೆಯೋ ಅವರ ಕೈಯಲ್ಲಿ. ಕೇಸು ಮುಗಿಯುವ ತನಕ ಮೂರನೆಯವರಿಗೆ ಕೊಡಬಾರದು ಅಂತ ತಡೆಯಾಜ್ಞೆ ಕೇಳುವುದೇ ಇಲ್ಲಿ ಮುಖ್ಯ. ನಾಯಿಯ ಆಯಸ್ಸು ಹನ್ನೆರಡು, ಹದಿಮೂರು ವರ್ಷ. ನಮ್ಮ ಸಿವಿಲ್ ದಾವೆಗಳ ಆಯಸ್ಸು ನಿಮಗೆ ಗೊತ್ತಲ್ಲ.

ಸಹಿ ಹಾಕುವ ಮೊದಲು ಇನ್ನೆರಡು ಮಾತು

ಬಾಡಿಗೆ ಮನೆಯಾದರೆ ಕರಾರು ತೆಗೆದು ನೋಡಿ. ಅಪಾರ್ಟ್‌ಮೆಂಟ್ ಸಂಘ ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಹೇಳಿದೆ. ಅದನ್ನು ಪ್ರಿಂಟ್ ತೆಗೆದು ಸಂಘದವರಿಗೆ ತೋರಿಸಬಹುದು. ಮನೆ ಮಾಲೀಕರ ಜೊತೆ ನೀವೇ ಸಹಿ ಹಾಕಿದ "ಸಾಕುಪ್ರಾಣಿ ಇರಬಾರದು" ಅನ್ನುವ ಷರತ್ತಿಗೆ ಆ ಪ್ರಿಂಟ್ ಉತ್ತರ ಆಗುವುದಿಲ್ಲ.

ದತ್ತು ಪತ್ರದಲ್ಲಿ "ಸಾಕಲು ಆಗದಿದ್ದರೆ ಸಂಸ್ಥೆಗೇ ವಾಪಸ್ ಕೊಡಬೇಕು" ಅಂತ ಸಾಮಾನ್ಯವಾಗಿ ಇರುತ್ತದೆ. ನನಗೆ ಅದು ಒಳ್ಳೆಯ ಷರತ್ತೇ ಅನಿಸುತ್ತದೆ, ಮಾಲೀಕರಾದ ಮೇಲೆ ನಾಯಿಯನ್ನು ಬೀದಿಗೆ ಬಿಡುವುದು ಹೇಗೂ 1960ರ ಕಾಯ್ದೆಯಲ್ಲಿ ಅಪರಾಧವಾಗಬಹುದು. ಆದರೆ "ಸಂಸ್ಥೆ ಬಯಸಿದಾಗ ನಾಯಿಯನ್ನು ವಾಪಸ್ ಪಡೆಯಬಹುದು" ಅಂತಿದ್ದರೆ ಪೆನ್ನು ಕೆಳಗಿಡಿ. ಅದು ಹೆಸರು ಬದಲಾದ ಫಾಸ್ಟರ್ ಅಷ್ಟೇ. "ಹಿಂಸೆ ಅಥವಾ ನಿರ್ಲಕ್ಷ್ಯ ಕಂಡುಬಂದರೆ, ಡಾಕ್ಟರ್ ವರದಿಯ ಮೇಲೆ" ಅಂತ ತಿದ್ದಿಸಿ. ಬೆಲ್ಲನ ಪತ್ರದಲ್ಲಿ ಆ ಸಾಲನ್ನು ತಿದ್ದಿಸಲು ಮೂರು ವಾರ ಹಿಡಿಯಿತು, ಎರಡು ಸಲ ಮುನಿಸೂ ಆಯಿತು. ತಿದ್ದಿದ ಜಾಗದಲ್ಲಿ ಇಬ್ಬರೂ ಚಿಕ್ಕ ಸಹಿ ಹಾಕಿದ್ದೇವೆ, ನೀವೂ ಹಾಕಿಸಿಕೊಳ್ಳಿ.